ಹವಳ ಬೇಡ, ಕಡಲು ಇರಲಿ

ಶಿಕಾರಿಪುರ ಮತ್ತು ಸೊರಬದ ಅಕ್ವೇರಿಯಂ ಗೆಳೆಯ ಗೆಳತಿಯರಿಗೆ,



ನಮ್ಮ ಎರಡು ತಾಲ್ಲೂಕುಗಳಿಗೆ ಹಳೆಯ ಗಾಜಿನ ತೊಟ್ಟಿಗಳು ಬರುತ್ತಲೇ ಇವೆ. ಶಿವಮೊಗ್ಗದಲ್ಲಿ ಯಾರೋ ಮನೆ ಬದಲಿಸುತ್ತಾರೆ, ಯಾರದೋ ಮಗ ಓದಲು ಬೆಂಗಳೂರಿಗೆ ಹೋಗುತ್ತಾನೆ, ನಾಲ್ಕಡಿಯ ತೊಟ್ಟಿ ಸ್ಟ್ಯಾಂಡು ಸಮೇತ ಬಂದಷ್ಟು ಬೆಲೆಗೆ ಕೈ ಬದಲಾಗುತ್ತದೆ. ಅದರಲ್ಲಿ ನಾಲ್ಕು ಗೋಲ್ಡ್‌ಫಿಶ್ ಬಿಟ್ಟು ತೃಪ್ತರಾಗುವ ಕಾಲ ದಾಟಿದೆ. ಈಗ ನಿಮ್ಮಲ್ಲಿ ಹಲವರಿಗೆ ಕಡಲೇ ಬೇಕು. ನೀಲಿ ಬೆಳಕು, ನೀರಿನ ಸೆಳೆತಕ್ಕೆ ಓಲಾಡುವ ಹವಳ, ಅದರ ನಡುವೆ ಕಿತ್ತಳೆ ಬಣ್ಣದ ಕ್ಲೌನ್ ಮೀನು. ಮೊಬೈಲಿನಲ್ಲಿ ಕಂಡದ್ದನ್ನು ಮನೆಯ ಪಡಸಾಲೆಯಲ್ಲಿ ಕಾಣುವ ಆಸೆ.

ಆ ಆಸೆಯನ್ನು ಹಳಿಯಲು ಈ ಪತ್ರ ಬರೆಯುತ್ತಿಲ್ಲ. ಘಟ್ಟದ ಮೇಲಿನ ನಮ್ಮ ಊರುಗಳಲ್ಲೂ ಉಪ್ಪುನೀರಿನ ತೊಟ್ಟಿಯನ್ನು ಚೆನ್ನಾಗಿ ನಡೆಸಬಹುದು, ಹಳೆಯ ತೊಟ್ಟಿಯಲ್ಲೇ ನಡೆಸಬಹುದು. ನನ್ನ ಕೋರಿಕೆ ಒಂದೇ: ಅದರೊಳಗೆ ಹವಳ ಇಡಬೇಡಿ. ಜೀವಂತ ಹವಳವೂ ಬೇಡ, ಅದರ ಅಸ್ಥಿಯೂ ಬೇಡ.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳ ಎಲ್ಲ ಪ್ರಭೇದಗಳೂ 2001ರಲ್ಲಿ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂತೆ ಹರಡುವ ಗೋರ್ಗೋನಿಯನ್‌ಗಳೂ ಅಲ್ಲಿವೆ. ಹುಲಿ, ಆನೆ ಇರುವ ಅನುಸೂಚಿಯೇ ಅದು. ತಪ್ಪಿತಸ್ಥರಿಗೆ 3ರಿಂದ 7 ವರ್ಷದವರೆಗೆ ಸಜೆ. ‘ಇದು ಇಂಡೋನೇಷ್ಯಾದಿಂದ ಬಂದದ್ದು, ನಮ್ಮ ಕಡಲಿನದ್ದಲ್ಲ’ ಎಂದು ಮಾರುವವರು ಸಮಾಧಾನ ಹೇಳಬಹುದು. ಪಟ್ಟಿಯಲ್ಲಿ ಹೆಸರಿಸಿರುವುದು ಪ್ರಾಣಿಯನ್ನು. ಅದು ಯಾವ ಕಡಲಿನದು ಎಂಬ ಪ್ರಶ್ನೆ ಅಲ್ಲಿಲ್ಲ. ಮೇಲಾಗಿ ಗಟ್ಟಿ ಹವಳಗಳು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲೂ ಇವೆ, ಗಡಿ ದಾಟಲು ಅವಕ್ಕೆ ಪರವಾನಗಿ ಪತ್ರ ಬೇಕು. ಕೊರಿಯರ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬಂದ ತುಂಡಿನ ಜೊತೆ ಅಂಥ ಪತ್ರ ಇದೆಯೇ ಎಂದು ಕೇಳಿ ನೋಡಿ.

ಮೆತ್ತನೆಯ ಹವಳಗಳಲ್ಲಿ ಹಲವು ಈ ಪಟ್ಟಿಯಲ್ಲಿಲ್ಲ, ಅವನ್ನು ಸಾಕಿದರೇನು ಎಂದು ನೀವು ಕೇಳುತ್ತೀರಿ. ಅವೂ ಹುಟ್ಟುವುದು ಅದೇ ದಿಬ್ಬದ ಕಲ್ಲಿನ ಮೇಲೆ. ಎಷ್ಟೋ ಸಲ ಆ ಕಲ್ಲನ್ನೇ ಚಕ್ಕೆ ಎಬ್ಬಿಸಿ ಜೊತೆಗೆ ಮಾರುತ್ತಾರೆ. ಚೀಲದಲ್ಲಿ ಮುದುಡಿ ಕೂತದ್ದು ಗಟ್ಟಿ ಹವಳವೋ ಮೆತ್ತನೆಯದೋ ಎಂದು ಗುರುತಿಸುವ ಕಣ್ಣು ನಮ್ಮಲ್ಲಿ ಬಹಳ ಜನಕ್ಕೆ ಇಲ್ಲ. ಕಾನೂನಿನ ಸಂದಿಯಲ್ಲಿ ನುಸುಳಿ ಪಡೆಯುವ ಸಂತೋಷ ನನಗೆ ಬೇಡ, ನಿಮಗೂ ಬೇಡ ಎಂದೇ ಹೇಳುತ್ತೇನೆ.

ಆದರೆ ಬರೀ ಕಾನೂನಿಗೆ ಹೆದರಿ ಬಿಡಿ ಎಂದರೆ ನಾನು ಅರ್ಧ ಹೇಳಿದಂತೆ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ, ಬಿಸಿಲಿನಿಂದ ಅನ್ನ ಮಾಡಿ ಒಡೆಯನಿಗೆ ಕೊಡುತ್ತದೆ. ಆ ಅನ್ನದ ಬಲದಿಂದ ಹವಳ ಸುಣ್ಣದ ಗೂಡು ಕಟ್ಟುತ್ತದೆ. ಗುಂಡು ಬಂಡೆಯಂತೆ ಬೆಳೆಯುವ ಪೊರೈಟಿಸ್ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆದೀತು. ನಿಮ್ಮ ಅಂಗೈ ಅಗಲದ ತುಂಡೊಂದು ನಿಮ್ಮ ಮಗುವಿಗಿಂತ ಹಿರಿಯದಿರಬಹುದು. ಕಡಲಿನ ನೀರು ಬೇಸಿಗೆಯ ಗರಿಷ್ಠಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಆ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ, ತಾಪ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ ಹೀಗಾಯಿತು, 2010ರಲ್ಲಿ, 2016ರಲ್ಲಿ ಮತ್ತೆ ಆಯಿತು, 2024ರಲ್ಲಿ ತೀವ್ರವಾಗಿ ಆಯಿತು. ಇಷ್ಟು ಪೆಟ್ಟು ತಿಂದು ಉಳಿದದ್ದರಿಂದ ಇನ್ನೊಂದು ತುಂಡು ಮುರಿದು ನಮ್ಮ ಪಡಸಾಲೆಗೆ ತರುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಹವಳ ನೋಡಲೇಬೇಕೆಂದರೆ ಅದಕ್ಕೂ ನಮಗೆ ದಾರಿ ಇದೆ. ಸಿದ್ದಾಪುರದ ಮೇಲೆ ಹೋಗಿ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ ದಾಟಿದರೆ ಮುರುಡೇಶ್ವರ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಅದರ ಸುತ್ತಲಿನ ನೀರಿನಲ್ಲಿ ಹವಳವಿದೆ. ತರಬೇತಾದವರ ಜೊತೆ ಮುಳುಗಿ ನೋಡಿ ಬರಬಹುದು. ಮಳೆಗಾಲದಲ್ಲಿ ಕಡಲು ಬಿಡುವುದಿಲ್ಲ, ಚಳಿಗಾಲದಲ್ಲಿ ಹೋಗಿ.

ಈಗ ತೊಟ್ಟಿಗೆ ಬರೋಣ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನೇ ತೆಗೆದುಕೊಳ್ಳೋಣ, ಹೆಚ್ಚಾಗಿ ಕೈ ಬದಲಾಗುವುದು ಅದೇ. ಕಂಠದವರೆಗೆ ತುಂಬಿದರೆ 255 ಲೀಟರ್. ಗಾಜು, ಕಲ್ಲು, ಸ್ಟ್ಯಾಂಡು ಸೇರಿ 350 ಕೆಜಿಯ ಹತ್ತಿರ ಭಾರ. ಹಳೆಯ ಮನೆಗಳ ಮೆತ್ತಿನ ಮೇಲೆ, ಮರದ ಹಲಗೆಯ ನೆಲದ ಮೇಲೆ ಇದನ್ನು ಇಡುವ ಯೋಚನೆಯೇ ಬೇಡ. ನೆಲ ಅಂತಸ್ತಿನಲ್ಲೇ, ಗೋಡೆಗೆ ಹತ್ತಿರ, ರಸಮಟ್ಟ ಇಟ್ಟು ನೋಡಿ ಕೂರಿಸಿ.

ಕೊಳ್ಳುವ ಮೊದಲು ಮೂಲೆಗಳ ಸಿಲಿಕಾನನ್ನು ಉಗುರಿನಿಂದ ಒತ್ತಿ ನೋಡಿ. ಅಂಚು ಎದ್ದಿದ್ದರೆ, ಕಪ್ಪಗೆ ಪಾಚಿ ಒಳಗೆ ಹೊಕ್ಕಿದ್ದರೆ, ಮುಟ್ಟಿದಾಗ ಪುಡಿಯಾದರೆ ಆ ಜೋಡಣೆಯ ಆಯುಸ್ಸು ಮುಗಿಯಿತು. ಹಳೆಯ ಸಿಲಿಕಾನಿನ ಮೇಲೆ ಹೊಸದು ಹಿಡಿಯುವುದಿಲ್ಲ. ಮೇಲಿಂದ ಬಳಿದು ಕೊಡುತ್ತೇನೆ ಎನ್ನುವವರ ಮಾತು ಕೇಳಬೇಡಿ. ಬ್ಲೇಡಿನಲ್ಲಿ ಪೂರ್ತಿ ಹೆರೆದು ತೆಗೆದು, ಗಾಜನ್ನು ಒರೆಸಿ, ಹೊಸದಾಗಿ ಹಾಕಿ ಒಂದು ವಾರ ಒಣಗಲು ಬಿಡಬೇಕು. ಬಚ್ಚಲುಮನೆಗೆಂದು ಮಾರುವ ಸಿಲಿಕಾನಿನಲ್ಲಿ ಬೂಷ್ಟು ಹಿಡಿಯದಂತೆ ವಿಷ ಬೆರೆಸಿರುತ್ತಾರೆ, ಅದು ಮೀನಿಗೂ ವಿಷವೇ. ಆಮೇಲೆ ಅಂಗಳದಲ್ಲಿ ಸಮತಟ್ಟು ಜಾಗದಲ್ಲಿಟ್ಟು ಕಂಠಮಟ್ಟ ನೀರು ತುಂಬಿ, ಕೆಳಗೆ ಕಾಗದ ಹಾಸಿ, ಮೂರು ದಿನ ನೋಡಿ. ಕಾಗದ ಒದ್ದೆಯಾದರೆ ತಿಳಿಯುತ್ತದೆ. ಗಾಜಿನ ಸುಣ್ಣದ ಕಲೆಗೆ ವಿನೆಗರ್ ಸಾಕು, ಸೋಪಿನ ಪುಡಿ ಮುಟ್ಟಿಸಬೇಡಿ.

ಹಳೆಯ ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಅಪಾಯವೂ ಒಂದಿದೆ: ತಾಮ್ರ. ಸಿಹಿನೀರಿನ ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ತಾಮ್ರದ ಔಷಧ ಹಾಕುತ್ತಾರೆ. ಅದು ಸಿಲಿಕಾನಿಗೆ, ಕಲ್ಲಿಗೆ ಅಂಟಿಕೊಂಡು ನಿಧಾನವಾಗಿ ನೀರಿಗೆ ಬಿಡುತ್ತಾ ಹೋಗುತ್ತದೆ. ಮೀನು ಸ್ವಲ್ಪ ತಡೆದುಕೊಳ್ಳಬಹುದು. ಸೀಗಡಿ, ಬಸವನಹುಳು ತೀರಾ ಅಲ್ಪ ಪ್ರಮಾಣಕ್ಕೇ ಸಾಯುತ್ತವೆ. ಹಿಂದಿನವರು ಏನು ಔಷಧ ಹಾಕಿದ್ದರು ಎಂದು ಕೇಳಿ. ಸಂದೇಹವಿದ್ದರೆ ಮೇಲೆ ಹೇಳಿದಂತೆ ಸಿಲಿಕಾನ್ ತೆಗೆದು ಹೊಸದು ಹಾಕಿಸಿ, ಹಳೆಯ ಕಲ್ಲು, ಮರಳು, ಸ್ಪಂಜು ಬಿಟ್ಟು ಬನ್ನಿ.

ನಮ್ಮ ಕಡೆಗೆ ಇದರ ಇನ್ನೊಂದು ಮುಖವಿದೆ, ಪೇಟೆಯವರು ಬರೆದ ಯಾವ ಸೂಚನೆಯಲ್ಲೂ ಅದು ಸಿಗುವುದಿಲ್ಲ. ಅಡಿಕೆ ತೋಟವಿರುವ ಮನೆಗಳಲ್ಲಿ ಮಳೆಗಾಲ ಎಂದರೆ ಮೈಲುತುತ್ತ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ ತಾಮ್ರದ ಸಲ್ಫೇಟು ಮತ್ತು ಸುಣ್ಣ. ಅದನ್ನು ಕಲಸಿದ ಡ್ರಮ್ಮು, ಬಕೆಟ್ಟು, ಕೋಲು, ಪೈಪು ಎಷ್ಟು ತೊಳೆದರೂ ತೊಟ್ಟಿಯ ಕೆಲಸಕ್ಕೆ ಬರಬಾರದು. ಔಷಧ ಹೊಡೆಯುವ ದಿನಗಳಲ್ಲಿ ತೋಟದ ಅಂಚಿನ ಮಾಡಿನಿಂದ ಮಳೆನೀರು ಹಿಡಿಯಬೇಡಿ. ಕೊನೆಗಾರರ ಜೊತೆ ತೋಟದಲ್ಲಿದ್ದು ಬಂದ ಕೈಯನ್ನು ಹಾಗೇ ತೊಟ್ಟಿಗೆ ಅದ್ದಬೇಡಿ. ಉಪ್ಪುನೀರಿನ ಕೆಲಸಕ್ಕೆ ಬೇರೆಯದೇ ಬಕೆಟ್ಟು ಇಟ್ಟು ಅದರ ಮೇಲೆ ದೊಡ್ಡದಾಗಿ ಬರೆಯಿರಿ, ಮನೆಯವರಿಗೂ ಆಳುಕಾಳಿಗೂ ಹೇಳಿಡಿ.

ಒಳಗೆ ಏನಿಡುವುದು? ‘ಲೈವ್ ರಾಕ್’ ಎಂದು ಮಾರುವ ಕಲ್ಲು ಹವಳದ ದಿಬ್ಬದ್ದೇ ತುಂಡು. ಪ್ಯಾಕೆಟ್ಟಿನಲ್ಲಿ ಬರುವ ಬಿಳಿಯ ‘ಕೋರಲ್ ಸ್ಯಾಂಡ್’ ಕೂಡ ಅದೇ ಪ್ರಾಣಿಯ ಅಸ್ಥಿಯ ಪುಡಿ. ಎರಡೂ ಬೇಡ. ರಂಧ್ರಗಳಿರುವ ಸೆರಾಮಿಕ್ ಕಲ್ಲು ಸಿಗುತ್ತದೆ, ಅದು ಸಾಕು. ನಮ್ಮ ಜಂಬಿಟ್ಟಿಗೆ ಬೇಡ, ಅದರಲ್ಲಿ ಕಬ್ಬಿಣ. ಹೊಳಪಿನ ಲೇಪವಿಲ್ಲದ ಹೆಂಚಿನ ಚೂರು, ಬೇಯಿಸಿದ ಮಣ್ಣಿನ ಕುಂಡ ನಡೆಯುತ್ತದೆ. ಕ್ಲೌನ್ ಮೀನಿನ ಮರಿ ಮಾಡುವ ಕೇಂದ್ರಗಳಲ್ಲಿ ಮೊಟ್ಟೆಯಿಡಲು ಕೊಡುವುದೂ ಇಂಥದೇ ಮಣ್ಣಿನ ಕುಂಡ, ಹೆಂಚು. ತಳಕ್ಕೆ ಏನೂ ಹಾಕದೆ ಬರಿ ಗಾಜು ಬಿಟ್ಟರೂ ಅಡ್ಡಿಯಿಲ್ಲ, ತೊಳೆಯಲು ಸುಲಭ.

ನೀರಿನ ಲೆಕ್ಕ ಸರಳ. ಲೀಟರಿಗೆ 35 ಗ್ರಾಂ ಉಪ್ಪು. ಅಡುಗೆಯ ಉಪ್ಪಲ್ಲ, ಅಕ್ವೇರಿಯಂಗೆಂದೇ ಬರುವ ಮಿಶ್ರಣ. ಕಲ್ಲಿನ ಜಾಗ, ಖಾಲಿ ಬಿಟ್ಟ ಕಂಠ ಕಳೆದು ಉಳಿಯುವ ಸುಮಾರು 220 ಲೀಟರಿಗೆ 8 ಕೆಜಿ ಬೇಕು. ಬೋರ್‌ವೆಲ್ ನೀರಿನ ಗಡಸುತನ, ಕಬ್ಬಿಣ, ನೈಟ್ರೇಟು ತೊಟ್ಟಿಗೆ ಬೇಡ, ಆರ್‌ಒ ನೀರೇ ಬಳಸಿ. ನೀರು ಆವಿಯಾದಾಗ ಉಪ್ಪು ಒಳಗೇ ಉಳಿಯುತ್ತದೆ ಎಂಬುದು ನೆನಪಿರಲಿ. ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ಸೇರಿಸಬೇಕು, ಉಪ್ಪುನೀರನ್ನಲ್ಲ.

ಮೀನು ಬಿಡುವ ಮೊದಲು ತೊಟ್ಟಿ ಹಣ್ಣಾಗಬೇಕು. ಮೀನಿನ ಹೊಲಸಿನಿಂದ ಅಮೋನಿಯ, ಅದರಿಂದ ನೈಟ್ರೈಟು, ಅದರಿಂದ ನೈಟ್ರೇಟು, ಮೊದಲೆರಡು ವಿಷ. ಅವನ್ನು ತಿಂದು ಪಳಗಿಸುವ ಬ್ಯಾಕ್ಟೀರಿಯಾ ಕಲ್ಲಿನ ರಂಧ್ರಗಳಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದಕ್ಕೆ ಆಹಾರವಾಗಿ ಮೀನನ್ನು ಬಲಿ ಕೊಡಬೇಕಿಲ್ಲ. ಕಲಾಯಿ ಹಾಕುವವರ ನವಸಾಗರ ಇದೆಯಲ್ಲ, ಅದು ಅಮೋನಿಯಂ ಕ್ಲೋರೈಡು. ಕಲಬೆರಕೆಯಿಲ್ಲದ, ಪ್ರಯೋಗಶಾಲೆಗೆ ಬರುವಂಥದ್ದನ್ನು ತಂದು ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯ ತೋರುವಷ್ಟು ಹಾಕಿ. ಒಂದು ದಿನದೊಳಗೆ ಅಮೋನಿಯವೂ ನೈಟ್ರೈಟೂ ಸೊನ್ನೆಗೆ ಇಳಿಯತೊಡಗಿದಾಗ ತೊಟ್ಟಿ ಸಿದ್ಧ. ಅಲ್ಲಿಯವರೆಗೆ ಕಲ್ಲು, ನೀರು ಮಾತ್ರ ಇರುವ ತೊಟ್ಟಿಯನ್ನು ನೋಡುತ್ತಾ ಕೂರುವ ತಾಳ್ಮೆ ಬೇಕು.

ತಾಪಮಾನ 25ರಿಂದ 27 ಡಿಗ್ರಿ. ಏಪ್ರಿಲಿನಲ್ಲಿ ನೀರಿನ ಮೇಲೆ ಸಣ್ಣ ಫ್ಯಾನು ತಿರುಗಿಸಿ: ಒಂದು ಲೀಟರ್ ನೀರು ಆವಿಯಾದರೆ 220 ಲೀಟರಿನ ತೊಟ್ಟಿಯಿಂದ ಎರಡೂವರೆ ಡಿಗ್ರಿಯಷ್ಟು ಶಾಖ ಹೊರಹೋಗುತ್ತದೆ. ಜುಲೈನ ಥಂಡಿಗೆ ಹೀಟರ್ ಬೇಕಾಗುತ್ತದೆ. ಅದೇ ಹೊತ್ತಿಗೆ ನಮ್ಮಲ್ಲಿ ಮರ ಬಿದ್ದು ತಂತಿ ಹರಿದು ಕರೆಂಟು ಹೋಗುತ್ತದೆ, ಒಳಗಿನ ಹಳ್ಳಿಗಳಲ್ಲಿ ಎರಡು ದಿನವೂ ಬರುವುದಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಐದನೇ ಒಂದು ಭಾಗದಷ್ಟು ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಪಂಪು ನಿಂತರೆ ಮೀನು ಬೇಗ ಸೋಲುತ್ತದೆ. ಫ್ರಿಜ್ಜು, ಟಿವಿಗೆ ಮೊದಲು ಸಣ್ಣ ಪಂಪೊಂದನ್ನು ಯುಪಿಎಸ್‌ಗೆ ಹಾಕಿ. ಬ್ಯಾಟರಿಯ ಏರ್ ಪಂಪು ಇಲ್ಲದೆ ಈ ಕೆಲಸ ಶುರುಮಾಡಲೇ ಬೇಡಿ. ಬೆಳಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹವಳವಿಲ್ಲದ ತೊಟ್ಟಿಗೆ ದುಬಾರಿ ದೀಪ ಬೇಕಿಲ್ಲ, ಉಳಿದ ಹಣವನ್ನು ಆ ಯುಪಿಎಸ್‌ಗೆ ಹಾಕಿ.

ಮೀನು ಯಾವುದು ಎಂಬುದು ನಿಮ್ಮ ಮುಖ್ಯ ನಿರ್ಧಾರ. ಅಂಗಡಿಗೆ ಬರುವ ಕಡಲ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಕಡಲಿನಿಂದಲೇ ಹಿಡಿದವು. ಫಿಲಿಪ್ಪೀನ್ಸಿನಂಥ ಕಡೆ ದಿಬ್ಬಕ್ಕೆ ಸಯನೈಡ್ ಚಿಮ್ಮಿ ಮೀನನ್ನು ಮಂಪರುಗೊಳಿಸಿ ಹಿಡಿಯುವ ಪದ್ಧತಿ 1960ರ ದಶಕದಿಂದ ಬಂತು, ಸುತ್ತಲ ಹವಳವೂ ಅದರಿಂದ ಸಾಯುತ್ತದೆ. ಕ್ಲೌನ್ ಮೀನಿನ ವಿಷಯದಲ್ಲಿ ನಮಗೆ ಒಳ್ಳೆಯ ದಾರಿಯಿದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ಅದರ ಮರಿ ಮಾಡುವ ವಿಧಾನ ರೂಪಿಸಿದ್ದಾರೆ, ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಮೀನು ಮಾರುಕಟ್ಟೆಗೆ ಬರುತ್ತದೆ. ಅದನ್ನೇ ಕೇಳಿ ಕೊಳ್ಳಿ, ಎಲ್ಲಿ ಹುಟ್ಟಿದ್ದು ಎಂದು ಹೇಳಲಾರದ ಅಂಗಡಿಯಿಂದ ಬರಿಗೈಯಲ್ಲಿ ಬನ್ನಿ. ಕ್ಲೌನ್ ಮೀನಿಗೆ ಕಡಲಲ್ಲಿ ಆಸರೆಯಾಗುವ ಅನಿಮೋನ್ ತೊಟ್ಟಿಯಲ್ಲಿ ಇರಲೇಬೇಕೆಂದಿಲ್ಲ, ಒಂದು ಕುಂಡ ಸಿಕ್ಕರೆ ಅದೇ ಮನೆ. ಎರಡು ಮರಿ ತಂದರೆ ಬಲವಾದದ್ದು ಹೆಣ್ಣಾಗುತ್ತದೆ, ಇನ್ನೊಂದು ಗಂಡಾಗಿ ಉಳಿಯುತ್ತದೆ. ಮುಂದೆ ಹೆಂಚಿನ ಮೇಲೆ ಮೊಟ್ಟೆಯಿಟ್ಟರೆ ಗಂಡೇ ರೆಕ್ಕೆ ಬೀಸುತ್ತಾ ಕಾಯುತ್ತದೆ. ಬಾಯಲ್ಲಿ ಮೊಟ್ಟೆ ಹೊತ್ತು ಸಾಕುವ ಬಾಂಗಾಯ್ ಕಾರ್ಡಿನಲ್ ಮೀನೂ ತೊಟ್ಟಿಯಲ್ಲಿ ಮರಿಯಾಗುತ್ತದೆ. ಸಿನಿಮಾದಲ್ಲಿ ಕಂಡ ನೀಲಿ ಟ್ಯಾಂಗ್ ಮಾತ್ರ ಬೇಡ. ಅದು ಒಂದಡಿ ಬೆಳೆಯುವ, ಈಜಾಡಲು ದೂರ ಬೇಕಾದ ಮೀನು. ಫ್ಲೋರಿಡಾ ವಿಶ್ವವಿದ್ಯಾಲಯದವರು ಅದನ್ನು ಮೊದಲ ಬಾರಿಗೆ ತೊಟ್ಟಿಯಲ್ಲಿ ಮರಿಮಾಡಿದ್ದೇ 2016ರಲ್ಲಿ. ಎರಡು ಕ್ಲೌನ್, ಎರಡು ಕಾರ್ಡಿನಲ್: ನಾಲ್ಕಡಿ ತೊಟ್ಟಿಗೆ ಇಷ್ಟು ಸಾಕು.

ಕಡಿಮೆ ಮೀನು ಎಂದು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಅದೇ ನನ್ನನ್ನು ಹೆಚ್ಚು ಕಾಡುವುದು. ವಾರಕ್ಕೆ ನೂರಕ್ಕೆ ಹತ್ತರಂತೆ ನೀರು ಬದಲಿಸಿದರೆ 22 ಲೀಟರ್ ಹೊರಗೆ ಬರುತ್ತದೆ. ಅದರಲ್ಲಿ 770 ಗ್ರಾಂ ಉಪ್ಪು. ವರ್ಷಕ್ಕೆ 40 ಕೆಜಿ. ಆ ಉಪ್ಪು ಎಲ್ಲಿಗೆ ಹೋಗುತ್ತದೆ? ಕಡಲ ತೀರದ ಊರಿನವರಿಗೆ ಈ ಚಿಂತೆಯಿಲ್ಲ. ನಮ್ಮದು ಕೆರೆಯ ಸೀಮೆ. ಬಚ್ಚಲಿನಿಂದ ಚರಂಡಿಗೆ, ಚರಂಡಿಯಿಂದ ಕೆರೆಗೆ, ಕೆರೆಯಿಂದ ಗದ್ದೆಗೆ ನೀರು ಇಳಿಯುವ ನಾಡು. ಭತ್ತ ಉಪ್ಪನ್ನು ತಾಳದ ಬೆಳೆ: ಮಣ್ಣಿನ ಲವಣಾಂಶ ಪ್ರತಿ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಇಳುವರಿ ಇಳಿಯತೊಡಗುತ್ತದೆ, ಕಡಲ ನೀರಿನದು 50ರ ಆಸುಪಾಸು. ಒಂದು ತೊಟ್ಟಿಯ ನೀರು ಶಿಕಾರಿಪುರದ ಹುಚ್ಚರಾಯನ ಕೆರೆಯನ್ನು ಕೆಡಿಸುವುದಿಲ್ಲ, ನಿಜ. ಹಿತ್ತಿಲ ಒಂದೇ ಮೂಲೆಗೆ ವಾರವಾರ ಸುರಿದರೆ ಅಲ್ಲಿಯ ಅಡಿಕೆ, ಬಾಳೆ ಸೊರಗುವುದು ಮಾತ್ರ ಖಂಡಿತ, ಬಾವಿ ಹತ್ತಿರವಿದ್ದರೆ ಬಾವಿಯೂ ಕೆಡಬಹುದು.

ಮಾಡಬೇಕಾದ್ದು ಇಷ್ಟು. ಮೀನು ಕಡಿಮೆ ಇಟ್ಟರೆ, ಮೇವು ಕಡಿಮೆ ಹಾಕಿದರೆ, ಹೊಲಸನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಇಟ್ಟರೆ ನೀರು ಬದಲಿಸುವುದನ್ನು ಅರ್ಧಕ್ಕೆ ಇಳಿಸಬಹುದು. ತೆಗೆದ ನೀರನ್ನು ಅಗಲವಾದ ಪ್ಲಾಸ್ಟಿಕ್ ಟ್ರೇಗಳಲ್ಲಿ ತಾರಸಿಯ ಬಿಸಿಲಿಗೆ ಇಡಿ, ಅಡಿಕೆ ಒಣಗಿಸುವ ದಿನಗಳಲ್ಲಿ ಅದು ಬೇಗ ಆರುತ್ತದೆ. ಉಳಿದ ಉಪ್ಪನ್ನು ಚೀಲಕ್ಕೆ ತುಂಬಿ ಒಣಕಸದ ಗಾಡಿಗೆ ಕೊಡಿ. ಮಳೆಗಾಲಕ್ಕೆಂದು ಮುಚ್ಚಳವಿರುವ ಡ್ರಮ್ಮು ಒಂದಿರಲಿ. ಮುರುಡೇಶ್ವರಕ್ಕೆ ಹೋಗುವಾಗ ಒಯ್ದು ಕಡಲಿಗೆ ಸುರಿಯುವ ಯೋಚನೆಯೂ ಬೇಡ, ಹೊರಗಿನ ಮೀನಿನ ರೋಗ ಅದರ ಜೊತೆ ಹೋಗುತ್ತದೆ.

ಹಳೆಯ ತೊಟ್ಟಿಯ ಜೊತೆ ಪುಕ್ಕಟೆಯಾಗಿ ಬರುವ ಮೀನುಗಳ ಬಗ್ಗೆಯೂ ಹೇಳಬೇಕು. ಗಾಜಿಗೆ ಅಂಟುವ ಸಕ್ಕರ್ ಮೀನು ಸಾಮಾನ್ಯವಾಗಿ ಅದರಲ್ಲಿ ಇದ್ದೇ ಇರುತ್ತದೆ. ಉಪ್ಪುನೀರು ಮಾಡುವಾಗ ಅದನ್ನು ಏನು ಮಾಡುವುದೆಂದು ತೋಚದೆ ಹತ್ತಿರದ ಕೆರೆಗೆ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು, ಮೈಯೆಲ್ಲ ಮುಳ್ಳುಕವಚ, ದಡದಲ್ಲಿ ಬಿಲ ಕೊರೆದು ಮರಿ ಮಾಡುತ್ತದೆ. ಏರಿಯ ಮಣ್ಣಿನಲ್ಲಿ ಬಿಲ ಎಂದರೆ ಏನೆಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ತಾಳಗುಂದದ ಸ್ತಂಭ ಶಾಸನ ದೊರೆ ಕಾಕುಸ್ಥವರ್ಮ ತೋಡಿಸಿದ ಕೆರೆಯನ್ನು ಹೇಳುತ್ತದೆ, ಐದನೇ ಶತಮಾನದ ಮಾತು. ಅಂದಿನಿಂದ ಏರಿ ಕಾಯ್ದುಕೊಂಡು ಬಂದ ಸೀಮೆ ಇದು. ಬೇಸಿಗೆಯ ಕೊನೆಗೆ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುವವರಿಗೆ ಮುರುಗೋಡು, ಕೊರವ ಸಿಗಬೇಕು. ಮೊದಲ ಮಳೆಗೆ ಹತ್ತುಮೀನು ಗದ್ದೆಯ ನೀರಿಗೆ ಏರಬೇಕು. ಗುಡವಿ ಪಕ್ಷಿಧಾಮದ ಹಕ್ಕಿಗಳಿಗೆ ನುಂಗಲಾಗುವ ಮೀನು ಬೇಕು. ಬೇಡವಾದ ಸಕ್ಕರ್ ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಿ, ಯಾರೂ ಸಿಗದಿದ್ದರೆ ನನಗೆ ಕೊಡಿ.

ಇಷ್ಟೆಲ್ಲ ಓದಿ, ಇದು ನನ್ನಿಂದಾಗದು ಎನಿಸಿದರೆ ಅದರಲ್ಲಿ ಸಣ್ಣತನವೇನೂ ಇಲ್ಲ. ಅದೇ ತೊಟ್ಟಿಯಲ್ಲಿ ಸಿಹಿನೀರು, ಜಲಸಸ್ಯ, ಮರಿಮಾಡಿದ ಸಣ್ಣ ಮೀನುಗಳು ಚೆನ್ನಾಗಿ ಬಾಳುತ್ತವೆ. ತೆಗೆದ ನೀರು ಹೂಗಿಡಕ್ಕೆ ಗೊಬ್ಬರವಾಗುತ್ತದೆ. ಮುಂದುವರಿಯುವವರಿಗೆ ನನ್ನದೊಂದು ಸಲಹೆ. ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಆರ್‌ಒ ಯಂತ್ರ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್, ಪರೀಕ್ಷೆಯ ಕಿಟ್ಟು ಕೊಳ್ಳುವುದು ಬೇಡ. ಶಿಕಾರಿಪುರದಲ್ಲಿ ಒಂದು ಮನೆ, ಸೊರಬದಲ್ಲಿ ಒಂದು ಮನೆ ಎಂದು ಗೊತ್ತುಮಾಡಿ ಹಂಚಿಕೊಳ್ಳೋಣ. ಉಪ್ಪನ್ನೂ ಒಟ್ಟಿಗೆ ತರಿಸೋಣ. ಮೊದಲು ಹಣ್ಣಾದ ತೊಟ್ಟಿಯ ಸೆರಾಮಿಕ್ ತುಂಡನ್ನು ಮುಂದಿನವರ ತೊಟ್ಟಿಗೆ ಕೊಟ್ಟರೆ ಬ್ಯಾಕ್ಟೀರಿಯಾ ಬೇಗ ನೆಲೆಯೂರುತ್ತದೆ, ಅವರ ಕಾಯುವಿಕೆ ಕಡಿಮೆಯಾಗುತ್ತದೆ. ಕರೆಂಟು ಎರಡು ದಿನ ಹೋದಾಗ ಯಾರ ಮನೆಯಲ್ಲಿ ಜನರೇಟರ್ ಇದೆ ಎಂಬ ಪಟ್ಟಿ ಈಗಲೇ ಆಗಲಿ, ಮುಂಗಾರು ಬಂದ ಮೇಲೆ ಹುಡುಕುವುದು ಬೇಡ.

ಹಳೆಯ ತೊಟ್ಟಿ ನೋಡಲು ಹೋಗುವವರು ಭಾನುವಾರ ಹೊರಡುವುದಾದರೆ ನಾನೂ ಜೊತೆಗೆ ಬರುತ್ತೇನೆ. ಟೇಪು, ರಸಮಟ್ಟ, ತಾಮ್ರ ಪರೀಕ್ಷಿಸುವ ಕಿಟ್ಟು ನನ್ನ ಚೀಲದಲ್ಲಿರುತ್ತವೆ.

ಇತಿ,
ನಿಮ್ಮ ಜೊತೆಯ ಮೀನುಪ್ರೇಮಿ,
ಸೊರಬ